ಹನ್ನೆರಡನೇ ಪುಟದ ಬಾಗಿಲು

ನನ್ನ ಅಣ್ಣನ ದನಿಯನ್ನು ಊರೇ ಬಲ್ಲದು, ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಬಸ್ ನಿಲ್ದಾಣದ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವನ ಕೆಲಸ. ಅದೇ ನಿಲ್ದಾಣದ ಕೆಳಗೆ ನನ್ನದು ಪುಸ್ತಕ, ಪತ್ರಿಕೆ ಮಾರುವ ಪುಟ್ಟ ಅಂಗಡಿ. "ಎಂಥ ದನಿ ರೀ ನಿಮ್ಮಣ್ಣಂದು!" ಎಂದು ಗಿರಾಕಿಗಳು ಹೊಗಳಿದರೆ ನಗುತ್ತಿದ್ದೆ. ಮನೆಯೊಳಗೆ ಕಾಲಿಟ್ಟರೆ ಅವನ ಬಾಯಿಗೆ ಬೀಗ ಎಂದು ಯಾರಿಗೂ ಹೇಳಲು ಹೋಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ಮೂರು ವರ್ಷದ ಹಿಂದೆ ನಿಲ್ದಾಣದ ಸಾಹೇಬರು ಅವನನ್ನು ಕೂರಿಸಿಕೊಂಡು ಊರುಗಳ ಹೆಸರು, ಅಂಕಿ, 'ಬಾಗಿಲು', 'ಬನ್ನಿ', 'ಹೊರಡಲಿದೆ' ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ಈಗ ಯಂತ್ರವೇ ಆ ತುಂಡುಗಳನ್ನು ಪೋಣಿಸಿ ಮಾತಾಡುತ್ತದೆ. ಅವನು ಗುಂಡಿ ಒತ್ತಿದರೆ ಸಾಕು, ಮೈಕಿನ ಮೇಲೆ ಬಟ್ಟೆ ಮುಚ್ಚಿದ್ದಾರೆ. ಮೊದಲ ವಾರ, ಜೊತೆಯವನ ಪಾಳಿಯಲ್ಲಿ, ಅಣ್ಣ ನನ್ನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾಗ ತಲೆಯ ಮೇಲಿನ ಸ್ಪೀಕರಿನಿಂದ ಅವನದೇ ದನಿ ಬಂತು. ಅವನು ಎಂದೂ ಆಡದ ವಾಕ್ಯವನ್ನು ಅವನ ದನಿ ಆಡುತ್ತಿತ್ತು. ನಾನು ಅವನ ಮುಚ್ಚಿದ ತುಟಿಯನ್ನೇ ನೋಡಿದೆ. ಅವನಿಗೋ ಹೆಮ್ಮೆ.

"ನೋಡೇ, ನಾನು ಇಲ್ದೇ ಇದ್ರೂ ಇರ್ತೀನಿ!"

ಅವನ ಮಗಳಿಗೆ ಆರು ವರ್ಷ, ನಾವೆಲ್ಲ ಗುಬ್ಬಿ ಎನ್ನುತ್ತೇವೆ. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸ್, ಹಾಗಾಗಿ ಶಾಲೆ ಬಿಟ್ಟ ಮೇಲೆ ಗುಬ್ಬಿ ನನ್ನ ಅಂಗಡಿಯಲ್ಲೇ ಕೂರುತ್ತಾಳೆ. ಹುಟ್ಟುಹಬ್ಬಕ್ಕೆ ಒಂದು ಚಿತ್ರದ ಪುಸ್ತಕ ಕೊಟ್ಟೆ, ಕೊರಳ ಗಂಟೆ ಕಳೆದುಕೊಂಡ ಆಡಿನ ಮರಿಯ ಕಥೆ.

"ದಿನಾ ಎರಡು ಪುಟ ಓದಿ ಹೇಳೋ," ಎಂದು ಅಣ್ಣನಿಗೆ ಹೇಳಿದೆ. "ಅಪ್ಪ ಓದಿ ಹೇಳಿದ್ದನ್ನ ಮಗು ಜನ್ಮದಲ್ಲಿ ಮರೆಯಲ್ಲ."

ಹೂಂ ಎಂದವನು ಮಾಡಿದ್ದೇನು? ಸಾಹೇಬರು ಕಲಿಸಿದ್ದನ್ನೇ. ಗುಂಡಿ ಒತ್ತಿದರೆ ಮಾತಾಡುವ ಒಂದು ಡಬ್ಬಿಗೆ ಕಥೆ ಓದಿ ತುಂಬಿಸಿದ, ತಡವರಿಸದೆ, ಉಸಿರು ಕೇಳಿಸದಂತೆ. ಹನ್ನೆರಡನೇ ಪುಟಕ್ಕೆ ಯಾರದೋ ಫೋನ್ ಬಂತು, ಅಲ್ಲಿಗೇ ಬಿಟ್ಟ. ಆ ಪುಟದಲ್ಲಿ ಮರಿ ಒಂದು ಮುಚ್ಚಿದ ಬಾಗಿಲ ಮುಂದೆ ನಿಂತಿದೆ. 'ಬಾಗಿಲ ಆಚೆ ಯಾರೋ ಉಸಿರಾಡುತ್ತಿದ್ದರು' ಎಂದು ಹೇಳಿ ಡಬ್ಬಿ ಮತ್ತೆ ಮೊದಲ ಪುಟಕ್ಕೆ ಹೋಗುತ್ತಿತ್ತು.

ಮಿಕ್ಕಿದ್ದನ್ನು ನಾನು ಓದುತ್ತೇನೆಂದರೆ ಗುಬ್ಬಿ ಪುಸ್ತಕ ಮುಚ್ಚಿಬಿಟ್ಟಳು. "ಬೇಡ ಅತ್ತೆ, ಅಪ್ಪಾನೇ ಓದ್ಬೇಕು."

"ಹಾಗಾದ್ರೆ ಅಪ್ಪನ್ನ ಕೇಳು."

"ಈ ಅಪ್ಪಂಗೆ ಸುಸ್ತು. ಆ ಅಪ್ಪ ಓದ್ತಾರೆ. ಒಂದಿನ ಬಾಗಿಲೂ ತೆಗೀತಾರೆ."

ಅವಳು ಡಬ್ಬಿಗೆ ಪ್ರಶ್ನೆ ಕೇಳುತ್ತಿದ್ದಳು. ಕೇಳಿ, ಕಿವಿಗೊಟ್ಟು, ಉತ್ತರ ಸಿಕ್ಕವಳಂತೆ ತಲೆಯಾಡಿಸುತ್ತಿದ್ದಳು. ಅಂಥ ಹೊತ್ತಿನಲ್ಲಿ ಡಬ್ಬಿ ಆರಿರುತ್ತಿತ್ತು. ಅಣ್ಣನಿಗೆ ಹೇಳಿದರೆ, "ಮಕ್ಕಳಾಟ, ಬಿಡೇ" ಎಂದ. ಅವನ ತಲೆಗೊಂದು ಮೊಟಕಬೇಕು ಅನ್ನಿಸಿತು. ಮೊಟಕಬೇಕಿತ್ತು.

ಒಂದು ಮಧ್ಯಾಹ್ನ ನಿಲ್ದಾಣದಲ್ಲಿ ಜನವೋ ಜನ. ನಾನು ಚಿಲ್ಲರೆ ಕೊಡುತ್ತಿದ್ದೆ. ಮೇಲಿನಿಂದ ಅಣ್ಣನ ದನಿ ಬಂತು: "ನಾಲ್ಕನೇ ಪ್ಲಾಟ್‌ಫಾರಂ. ಬಾಗಿಲ ಬಳಿ ಬನ್ನಿ. ಬಾಗಿಲು ತೆರೆದಿದೆ." ತಿರುಗಿ ನೋಡಿದರೆ ಗುಬ್ಬಿ ಕೂರುವ ಸ್ಟೂಲ್ ಖಾಲಿ. ಡಬ್ಬಿ ಇತ್ತು, ಪುಸ್ತಕ ಇರಲಿಲ್ಲ.

ನಾಲ್ಕನೇ ಪ್ಲಾಟ್‌ಫಾರಂನಲ್ಲಿದ್ದದ್ದು ಇಡೀ ದಿನ ಓಡುವ ದೂರದ ಬಸ್ಸು. ಗುಂಪಿನ ಆಚೆ, ಬಸ್ಸಿನ ಮೊದಲ ಮೆಟ್ಟಿಲ ಮೇಲೆ ಗುಬ್ಬಿಯ ಹಳದಿ ಚೀಲ ಕಂಡಿತು, ಎಂಜಿನ್ ಗುರುಗುಡುತ್ತಿತ್ತು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಗಾಜಿನ ಕೋಣೆಯತ್ತ ಎರಡೂ ಕೈ ಬೀಸಿ ತೋರಿಸಿದೆ. ಅಣ್ಣ ಎದ್ದು ನಿಂತ, ಕಂಡ, ಮೈಕಿನ ಬಟ್ಟೆ ಕಿತ್ತೆಸೆದ.

ಆದರೆ ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಬಾಯಿಂದ ಬಂದದ್ದು ಅದೇ ನುಣುಪು ದನಿ: "ಹಳದಿ ಚೀಲದ ಮಗು ದಯವಿಟ್ಟು ಗಮನಿಸಿ."

ಗುಬ್ಬಿ ತಲೆಯೆತ್ತಿ ನಕ್ಕಳು. ಹೂಂ ಎಂದು ತಲೆಯಾಡಿಸಿದಳು. ಇನ್ನೊಂದು ಮೆಟ್ಟಿಲು ಹತ್ತಿದಳು.

ಸ್ಪೀಕರಿನಲ್ಲಿ ಒಂದು ಕ್ಷಣ ಬರೀ ಉಸಿರು. ಆಮೇಲೆ ಯಾರೂ ಕೇಳಿರದ ಒಂದು ದನಿ, ಒಡೆದದ್ದು, ಒರಟು.

"ಗುಬ್ಬೀ... ಇಳಿಯೇ ಕೆಳಗೆ... ಬಾಗಿಲ ಆಚೆ ಯಾರಿದಾರೆ ಅಂತ ನಂಗೂ ಗೊತ್ತಿಲ್ಲ ಕಣೇ. ನಾನು ಆ ಪುಟ ಓದೇ ಇಲ್ಲ. ಇಬ್ರೂ ಓದೋಣ, ಬಾರೇ..."

ಗುಬ್ಬಿಯ ನಗು ಆರಿತು, ಅವಳ ಆ ಅಪ್ಪ ಯಾವತ್ತೂ 'ಗೊತ್ತಿಲ್ಲ' ಎಂದವನಲ್ಲ. ಅವಳು ಕಂಬಿ ಬಿಟ್ಟಳು, ಕಂಡಕ್ಟರ್ ಎತ್ತಿ ಕೆಳಗಿಳಿಸಿದ. ಅಣ್ಣ ಮೆಟ್ಟಿಲಿಳಿದು ಓಡಿಬಂದಾಗ ಒಂದೇ ಕಾಲಲ್ಲಿ ಚಪ್ಪಲಿ ಇತ್ತು.

ಅಲ್ಲೇ ನನ್ನ ಅಂಗಡಿಯ ನೆಲದಲ್ಲಿ ಕೂತು ಹದಿಮೂರನೇ ಪುಟ ಓದಿದ. ಬಾಗಿಲ ಆಚೆ ಇದ್ದದ್ದು, ಗಂಟೆಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದ್ದ ದಪ್ಪ ಎಮ್ಮೆ. ಓದುತ್ತ ಅತ್ತ, ತಡವರಿಸಿದ, ಒಂದು ಸಾಲು ಬಿಟ್ಟು ಹಿಂದಕ್ಕೆ ಬಂದ. ಗುಬ್ಬಿ ಅಂಗೈಯನ್ನು ಅವನ ಗಂಟಲ ಮೇಲಿಟ್ಟು, ದನಿ ಅಲ್ಲಿಂದಲೇ ಬರುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದಳು.

ಈಗ ಡಬ್ಬಿ ಇಲ್ಲ, ಅಣ್ಣ ದಿನವೂ ಓದುತ್ತಾನೆ. ಅವಳು ಇನ್ನೂ ಗಂಟಲ ಮೇಲೆ ಕೈಯಿಟ್ಟೇ ಕೇಳುವುದು.

ಮೊನ್ನೆ ಮೂವರೂ ಅಂಗಡಿಯಲ್ಲಿದ್ದೆವು. ಅಣ್ಣ ಟೀ ಲೋಟ ಹಿಡಿದು ತುಟಿ ಮುಚ್ಚಿ ಕೂತಿದ್ದ. ಮೇಲೆ ಅವನ ದನಿ ಯಾರನ್ನೋ ಬಾಗಿಲ ಬಳಿ ಕರೆಯುತ್ತಿತ್ತು. ಗುಬ್ಬಿ ಸ್ಪೀಕರನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

"ಅತ್ತೆ, ಆ ಅಪ್ಪ ಇನ್ನೂ ಹನ್ನೆರಡನೇ ಪುಟದಲ್ಲೇ ಇದಾರಾ?"