ಮೊಮ್ಮಗಳು ಖಾಲಿ ಕೈಯಲ್ಲಿ ಬಂದಾಗ

ಮೊಮ್ಮಗಳು ಕೈಯಲ್ಲಿ ಒಂದು ಚೀಲವೂ ಇಲ್ಲದೆ ಮನೆಗೆ ಬಂದ ದಿನವೇ ನನಗೆ ಅನುಮಾನ ಹುಟ್ಟಿತು. ಈಗ ನೆನೆದರೆ ಸಂತೋಷಕ್ಕೆ ಎದೆ ತುಂಬಿ ಬರುತ್ತದೆ, ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಹೇಳಬೇಕು ಅನಿಸುತ್ತದೆ. ಆಗ ಹಾಗಿರಲಿಲ್ಲ. ಆಗ ನಾನು ಬೆಕ್ಕಿನ ಹಾಗೆ ಅವಳ ಹಿಂದೆ ಸುಳಿಯುತ್ತಿದ್ದೆ.

ನಾನು ಓದಿದ್ದು ಮೂರನೇ ಕ್ಲಾಸು. ಗಂಡ ತೀರಿದ ಮೇಲೆ ಮಗ ನನ್ನನ್ನು ಉಡುಪಿಯಿಂದ ದುಬೈಗೆ ಕರೆಸಿಕೊಂಡ. ಅಲ್ಲಿ ದೇರಾ ಎಂಬ ಕಡೆ ನಮ್ಮದು ಎರಡು ಕೋಣೆಯ ಫ್ಲಾಟು. ಒಂದರಲ್ಲಿ ಮಗ ಸೊಸೆ, ಇನ್ನೊಂದರಲ್ಲಿ ನಾನು ಮತ್ತು ಮೊಮ್ಮಗಳು. ಅವಳು ಕಲಿಯುವುದು ಮುಗಿಸಿ, ಟ್ಯೂಬ್‌ಲೈಟು ಬಲ್ಬು ಮಾರುವ ಒಂದು ಕಂಪನಿಯಲ್ಲಿ ಟೆಲಿಫೋನ್ ಎತ್ತುವ ಕೆಲಸಕ್ಕೆ ಸೇರಿದ್ದಳು. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷ ಆಗಿರಬೇಕು.

ಸಂಬಳದ ಸಂಜೆ ಅವಳು ಬಾಗಿಲನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬರುತ್ತಿದ್ದಳು, ಎರಡೂ ಕೈ ತುಂಬಾ ಚೀಲ. ಕೆಂಪು ಅಕ್ಷರದಲ್ಲಿ ಸೇಲ್ ಎಂದು ಬರೆದದ್ದು ಕಂಡರೆ ಆಯಿತು, ಕಾಲು ತಾನಾಗಿ ಒಳಗೆ ಹೋಗುತ್ತಿತ್ತು. ಚಪ್ಪಲಿ, ಸೆಂಟು, ಕೂದಲು ಒಣಗಿಸುವ ಮಿಷನ್ನು. ಒಮ್ಮೆ ಎರಡು ಛತ್ರಿ ತಂದಳು.

"ಈ ಊರಲ್ಲಿ ಮಳೆ ಎಲ್ಲುಂಟು ಮಾರಾಯ್ತಿ?" ಎಂದು ಕೇಳಿದೆ.

"ಒಂದು ತಗೊಂಡ್ರೆ ಒಂದು ಫ್ರೀ ಅಜ್ಜೀ!"

ಬ್ಯಾಂಕಿನ ಹುಡುಗರು ಆಫೀಸಿಗೇ ಬಂದು ನಗುತ್ತಾ ಕಾರ್ಡು ಕೊಟ್ಟು ಹೋಗುವ ಕಾಲ ಅದು. ಇವಳೂ ಒಂದು ತೆಗೆದುಕೊಂಡಿದ್ದಳು. ಅದರ ಸಾಲ ತಲೆ ಮೀರಿದಾಗ ಅಪ್ಪನೇ ತೀರಿಸಬೇಕಾಯಿತು. ತೀರಿಸಿ, ಮೀನು ಕತ್ತರಿಸುವ ಕತ್ತರಿಯಿಂದ ಕಾರ್ಡನ್ನು ನಾಲ್ಕು ತುಂಡು ಮಾಡಿ, "ಇನ್ನು ನನ್ನ ಹತ್ರ ಒಂದು ಫಿಲ್ಸ್ ಕಾಸೂ ಕೇಳಬೇಡ" ಎಂದುಬಿಟ್ಟ.

ಅದೇ ಹೊತ್ತಿಗೆ ಅವಳ ಆಫೀಸಿನಲ್ಲಿ ಒಳ್ಳೆಯ ಹುದ್ದೆಯೊಂದು ಖಾಲಿಯಾಯಿತು. ಅಂಗಡಿ ಅಂಗಡಿಗೆ ಹೋಗಿ ಮಾಲು ತೋರಿಸುವ ಕೆಲಸ, ಕಂಪನಿಯದೇ ಕಾರು. ಆದರೆ ಲೈಸೆನ್ಸ್ ಬೇಕು. ದೊಡ್ಡ ಈದ್, ಅಂದರೆ ಬಕ್ರೀದಿನ ರಜೆ ಮುಗಿಯುವುದರೊಳಗೆ ಲೈಸೆನ್ಸ್ ತಂದರೆ ಹುದ್ದೆ ನಿನ್ನದು, ಇಲ್ಲದಿದ್ದರೆ ಬೇರೆಯವರಿಗೆ ಎಂದು ಮ್ಯಾನೇಜರ್ ಹೇಳಿದ್ದನಂತೆ. ದುಬೈಯಲ್ಲಿ ಲೈಸೆನ್ಸ್ ಅಂದರೆ ಸುಲಭದ ಮಾತಲ್ಲ. ಫೈಲು ತೆರೆಯಲು ದುಡ್ಡು, ಕ್ಲಾಸಿಗೆ ದುಡ್ಡು, ಫೇಲಾದರೆ ಮತ್ತೆ ಕ್ಲಾಸು, ಮತ್ತೆ ದುಡ್ಡು.

"ಇವಳು ದುಡ್ಡು ಉಳಿಸುವುದು ಅಂದ್ರೆ ನಾನು ನಡೆದುಕೊಂಡು ಉಡುಪಿಗೆ ಹೋದ ಹಾಗೆ" ಎಂದು ಮಗ ನಕ್ಕ. ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಅದಾದ ಮುಂದಿನ ಸಂಬಳದ ಸಂಜೆಯೇ ಅವಳು ಕೈಬೀಸಿಕೊಂಡು ಬಂದದ್ದು. ಒಳ್ಳೆಯದಾಯಿತು ಎನ್ನಬೇಕಿತ್ತು ನಾನು. ನನ್ನ ತಲೆಗೆ ಹಾಗೆ ಹೊಳೆಯಲಿಲ್ಲ. ಇಷ್ಟು ವರ್ಷದ ಚಟ ಒಂದು ಸಂಜೆಗೆ ಬಿಡುತ್ತದೆಯೇ? ಕೊಂಡದ್ದನ್ನು ಗೆಳತಿಯ ಮನೆಯಲ್ಲಿ ಅಡಗಿಸಿಟ್ಟಿರಬೇಕು. ಅಥವಾ ಯಾವನೋ ಒಬ್ಬ ಇವಳ ಸಂಬಳ ತಿನ್ನುತ್ತಿರಬೇಕು. ಇನ್ನೊಂದು ಕಾರ್ಡು ಇದ್ದರೂ ಇದ್ದೀತು. ಅವಳು ಸ್ನಾನಕ್ಕೆ ಹೋದಾಗ ಮಂಚದ ಕೆಳಗೆ ಬಗ್ಗಿ ನೋಡಿದೆ. ಕಪಾಟಿನ ಬಟ್ಟೆಗಳ ನಡುವೆ ಕೈ ಹಾಕಿದೆ. ಹೊಸ ಬಟ್ಟೆಯ ವಾಸನೆ ಎಲ್ಲೂ ಇಲ್ಲ. ಅದರಿಂದ ಅನುಮಾನ ಇನ್ನೂ ಜಾಸ್ತಿಯಾಯಿತು.

ಸಾಲದ್ದಕ್ಕೆ, ಬೆಳಿಗ್ಗೆ ಎಂದಿಗಿಂತ ಎಷ್ಟೋ ಮುಂಚೆ ಹೊರಡಲು ಶುರುಮಾಡಿದಳು.

"ಇಷ್ಟು ಬೇಗ ಎಂತ ಆಫೀಸು?"

"ಕೆಲಸ ಉಂಟು ಅಜ್ಜೀ."

"ಟೆಲಿಫೋನಿಗೆ ನಿದ್ದೆ ಇಲ್ವಾ?"

"ಬೈ ಅಜ್ಜೀ!" ಎಂದು ಚಪ್ಪಲಿ ಸಿಕ್ಕಿಸಿಕೊಂಡು ಓಡಿದಳು. ಕಿಟಕಿಯಿಂದ ನೋಡಿದರೆ, ಯಾವುದೋ ಬಿಳಿ ಕಾರು ಬಂದು ಅವಳನ್ನು ಹತ್ತಿಸಿಕೊಂಡು ಹೋಯಿತು. ಒಳಗೆ ಯಾರಿದ್ದಾರೆಂದು ಅಷ್ಟು ಎತ್ತರದಿಂದ ಕಾಣಬೇಕಲ್ಲ! ಸೊಸೆಯ ಹತ್ತಿರ ಹೇಳಿದರೆ ಅವಳು ಒಗ್ಗರಣೆಯಿಂದ ತಲೆ ಎತ್ತಲಿಲ್ಲ. "ಅತ್ತೇ, ತಂದ್ರೂ ಬೈತೀರಿ, ತರದಿದ್ರೂ ಬೈತೀರಿ. ಆ ಹುಡುಗಿ ಎಂತ ಮಾಡ್ಬೇಕು ಹೇಳಿ."

ಹೀಗೇ ತಿಂಗಳು ಕಳೆಯಿತು. ಒಂದು ಶುಕ್ರವಾರ, ರಜೆ. ಸಂಜೆ ಅವಳು ಹೊರಡುವುದು ಕಂಡು ನಾನೂ ಸೆರಗು ಸರಿಮಾಡಿಕೊಂಡೆ. "ನಾನೂ ಬರ್ತೇನೆ. ಕೂತು ಕೂತು ಕಾಲು ಹಿಡಿದಿದೆ." ಅವಳ ಮುಖ ಸ್ವಲ್ಪ ಸಣ್ಣದಾಯಿತು. ನಾನು ಅದನ್ನು ಗಮನಿಸಿ ಒಳಗೇ ಇಟ್ಟುಕೊಂಡೆ.

ಹೋದದ್ದು ಹತ್ತಿರದ ದೊಡ್ಡ ಅಂಗಡಿಗೆ, ಸೂಜಿಯಿಂದ ಫ್ರಿಜ್ಜಿನವರೆಗೆ ಎಲ್ಲ ಸಿಗುವಂಥದ್ದು. ಒಂದು ಟ್ರಾಲಿ ಹಿಡಿದಳು ನೋಡಿ, ಮತ್ತೆ ಅದೇ ಹಳೆಯ ಹುಡುಗಿ! ಎರಡು ಚೂಡಿದಾರ, ಎತ್ತರ ಹಿಮ್ಮಡಿಯ ಚಪ್ಪಲಿ, ಮುಖಕ್ಕೆ ಹಚ್ಚುವ ಮೂರು ಬಗೆಯ ಕ್ರೀಮು, ಹೂವಿನ ಚಿತ್ರದ ಟೀ ಕಪ್ಪುಗಳ ಪೆಟ್ಟಿಗೆ. ಟ್ರಾಲಿ ತುಂಬುತ್ತಾ ಹೋದ ಹಾಗೆ ನನ್ನ ಹೊಟ್ಟೆ ಉರಿಯುತ್ತಾ ಹೋಯಿತು. ಲೈಸೆನ್ಸ್ ಹೋಯಿತು, ಹುದ್ದೆ ಹೋಯಿತು ಎಂದುಕೊಂಡೆ.

"ಅಜ್ಜೀ, ನೀವು ಇಲ್ಲಿ ಕೂತ್ಕೊಳ್ಳಿ. ಒಂದು ರೌಂಡ್ ಹೊಡೆದು ಬರ್ತೇನೆ" ಎಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಹೋದಳು.

ನಾನು ಕೂರುತ್ತೇನೆಯೇ? ಅಕ್ಕಿ ಚೀಲಗಳ ಮರೆಯಿಂದ ಹಿಂಬಾಲಿಸಿದೆ. ಅವಳು ಕಪಾಟಿನ ಹತ್ತಿರ ನಿಂತು ಆಚೆ ಈಚೆ ನೋಡುತ್ತಾಳೆ, ಟ್ರಾಲಿಯೊಳಗೆ ಕೈ ಹಾಕುತ್ತಾಳೆ, ಮುಂದೆ ಹೋಗುತ್ತಾಳೆ. ದೇವರೇ, ಇವಳು ಕದಿಯುತ್ತಿದ್ದಾಳೆಯೇ? ಆ ಅನುಮಾನ ನನಗೊಬ್ಬಳಿಗೇ ಬಂದದ್ದಲ್ಲ. ಅಂಗಡಿಯ ಕಾವಲಿನವನೂ ಅವಳ ಹಿಂದೆ ಹೊರಟಿದ್ದ. ಮುಂದೆ ಅವಳು, ನಡುವೆ ಅವನು, ಹಿಂದೆ ಸೀರೆ ಎತ್ತಿ ಹಿಡಿದ ನಾನು, ಮೂವರ ಮೆರವಣಿಗೆ ಪಾತ್ರೆ ವಿಭಾಗ ದಾಟಿ ಚಪ್ಪಲಿ ವಿಭಾಗಕ್ಕೆ ಬಂತು.

ಅಲ್ಲಿ ಅವನು ಅವಳನ್ನು ತಡೆದು, ಏನು ಮಾಡುತ್ತಿದ್ದೀರಿ ಮೇಡಂ ಎಂದು ಹಿಂದಿಯಲ್ಲಿ ಕೇಳಿದ. ನನಗೆ ಎಲ್ಲಿತ್ತೋ ಆವೇಶ, ಓಡಿಹೋಗಿ ನಡುವೆ ನಿಂತೆ. "ಏಯ್, ನಮ್ಮ ಮನೆಯ ಹುಡುಗಿ ಕಳ್ಳಿ ಅಲ್ಲ ಗೊತ್ತಾಯ್ತಾ!" ಎಂದು ಕನ್ನಡದಲ್ಲೇ ಕೂಗಿದೆ. ಒಂದು ನಿಮಿಷದ ಹಿಂದೆ ನಾನೇ ಹಾಗೆ ಯೋಚಿಸಿದ್ದು ಅವನಿಗೇನು ಗೊತ್ತು.

"ಅಜ್ಜೀ! ನಿಮ್ಮನ್ನು ಕೂರ್ಲಿಕ್ಕೆ ಹೇಳಿದ್ದಲ್ವಾ?"

"ಮೊದ್ಲು ಟ್ರಾಲಿ ತೋರ್ಸು!"

ಟ್ರಾಲಿಯಲ್ಲಿ ಚಪ್ಪಲಿ ಮತ್ತು ಒಂದು ಟೂತ್‌ಪೇಸ್ಟು ಬಿಟ್ಟು ಬೇರೇನೂ ಇರಲಿಲ್ಲ. ಚೂಡಿದಾರ, ಕ್ರೀಮು, ಕಪ್ಪು ಎಲ್ಲ ತೆಗೆದ ಜಾಗದಲ್ಲೇ ವಾಪಸು ಕೂತಿದ್ದವು. ಅವಳು ತಲೆ ತಗ್ಗಿಸಿ ಹೇಳಿದಳು: "ಅಂಗಡಿಗೆ ಬರದೆ ಇರ್ಲಿಕ್ಕೆ ನನ್ನಿಂದ ಆಗೂದಿಲ್ಲ ಅಜ್ಜೀ. ಅದಕ್ಕೆ ಬೇಕಾದ್ದೆಲ್ಲ ಟ್ರಾಲಿಗೆ ಹಾಕ್ತೇನೆ, ಒಂದು ಸುತ್ತು ತಿರುಗ್ತೇನೆ. ಅಷ್ಟರಲ್ಲಿ ಅರ್ಧ ಆಸೆ ಹೋಗಿರ್ತದೆ. ಮತ್ತೆ ಒಂದೊಂದೇ ವಾಪಸ್ ಇಡ್ತೇನೆ."

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಹಾಗಾದ್ರೆ ದುಡ್ಡು ಎಲ್ಲಿಗೆ ಹೋಗ್ತದೆ? ಆ ಬಿಳಿ ಕಾರಿನವನು ಯಾರು?"

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅವನಲ್ಲ, ಅವಳು! ಡ್ರೈವಿಂಗ್ ಟೀಚರ್. ಕಾರಿನ ಮೇಲೆ ಬೋರ್ಡೇ ಉಂಟಲ್ಲ. ಕ್ಲಾಸ್ ಶುರುವಾಗಿ ತಿಂಗಳಾಯ್ತು. ಡ್ಯಾಡಿಗೆ ಹೇಳ್ಬೇಡಿ, ಪ್ಲೀಸ್. ಫೇಲಾದ್ರೆ ನಗ್ತಾರೆ."

ಕಾವಲಿನವನಿಗೂ ಅವಳೇ ಹಿಂದಿಯಲ್ಲಿ ವಿವರಿಸಿದಳು. ಅವನು ಟೋಪಿ ತೆಗೆದು ತಲೆ ತುರಿಸಿಕೊಂಡ. ಎಲ್ಲರೂ ನಿಮ್ಮ ಹಾಗೆ ಮಾಡಿದರೆ ನಮ್ಮ ಅಂಗಡಿ ಖಲಾಸ್ ಎಂದ.

ಈದ್ ಹತ್ತಿರ ಬಂತು. ಮೊದಲ ರೋಡ್ ಟೆಸ್ಟಿನಲ್ಲಿ ಅವಳು ಫೇಲಾದಳು. ಕೋಣೆಯ ಬಾಗಿಲು ಹಾಕಿಕೊಂಡು ನನಗೊಬ್ಬಳಿಗೇ ಹೇಳಿದಳು. ಇನ್ನು ದುಡ್ಡು ಸಾಲದೆ ಎಲ್ಲ ನಿಂತುಹೋಗುತ್ತದೆ ಎಂದು ಹೆದರಿ, ನಾನು ಕೈಯ ಬಳೆಯೊಂದನ್ನು ತೆಗೆಯಲು ಹೋದೆ. "ತಗೋ, ಚಿನ್ನದ ಅಂಗಡಿ ಇಲ್ಲೇ ಕೆಳಗೆ ಉಂಟು."

ಅವಳು ಬಳೆಯನ್ನು ಹಿಂದಕ್ಕೆ ತಳ್ಳಿದಳು. "ಬೇಡ ಅಜ್ಜೀ. ಒಂದು ಸಲ ಫೇಲಾಗ್ತೇನೆ ಅಂತ ಗೊತ್ತಿತ್ತು. ಅದಕ್ಕೂ ಸೇರಿಸಿಯೇ ಉಳಿಸಿದ್ದು."

ಆ ಮಾತು ಕೇಳಿ ನನ್ನ ಕಣ್ಣು ತುಂಬಿತು. ಅವಳನ್ನು ಹತ್ತಿರ ಎಳೆದುಕೊಂಡೆ. ಆದರೂ ಸುಳ್ಳು ಹೇಳುತ್ತಿಲ್ಲ ತಾನೇ ಎಂದು ಮುಖವನ್ನು ಚೆನ್ನಾಗಿ ನೋಡಿಯೇ ನಂಬಿದೆ.

ರಜೆಗೆ ಮೊದಲಿನ ಕೊನೆಯ ಟೆಸ್ಟಿನಲ್ಲಿ ಅವಳು ಪಾಸಾದಳು. ಲೈಸೆನ್ಸನ್ನು ಅಪ್ಪನ ಊಟದ ತಟ್ಟೆಯ ಪಕ್ಕ ಇಟ್ಟಳು. ಅವನು ಅದನ್ನು ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. "ಇದು ಯಾರದ್ದು?" ಎಂದು ಕೇಳಿದ. ಅನುಮಾನದಲ್ಲಿ ನನ್ನದೇ ರಕ್ತವಲ್ಲವೇ!

"ಕಣ್ಣು ಕಾಣುವುದಿಲ್ವಾ? ನಿನ್ನ ಮಗಳದ್ದು!" ಎಂದು ನಾನು ಎಷ್ಟು ಜೋರಾಗಿ ಹೇಳಿದೆನೆಂದರೆ ಪಕ್ಕದ ಫ್ಲಾಟಿನವರು ಬಾಗಿಲು ತೆರೆದರು. ಅವರಿಗೂ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕಿದವರಿಗೂ ಹೇಳಿದೆ, ಭಾಷೆ ಬಾರದವರಿಗೆ ಸ್ಟೀರಿಂಗ್ ತಿರುಗಿಸಿ ತೋರಿಸಿದೆ. ಊರಿಗೆ ಫೋನು ಮಾಡಿಸಿ, ಫೋನ್ ಕಾರ್ಡಿನ ದುಡ್ಡು ಮುಗಿದು ಲೈನು ಕಡಿಯುವವರೆಗೂ ಹೇಳಿದೆ.

ಹುದ್ದೆ ಸಿಕ್ಕ ಮೇಲೆ ಒಂದು ಶುಕ್ರವಾರ ಅವಳು ನನ್ನನ್ನು ಅಬುಧಾಬಿಗೆ ಕರೆದುಕೊಂಡು ಹೋದಳು, ಅಲ್ಲಿನ ಅಲ್ ಮೀನಾ ಮೀನು ಮಾರ್ಕೆಟಿನಲ್ಲಿ ಒಳ್ಳೆಯ ಅಂಜಲ್ ಸಿಗುತ್ತದೆಂದು. ಅವಳ ಪಕ್ಕದಲ್ಲೇ ಕೂತಿದ್ದೆ. ಸಂತೋಷ ಎಷ್ಟಿತ್ತೆಂದರೆ ಎದೆ ಉಬ್ಬಿ ಸೀಟ್ ಬೆಲ್ಟು ಬಿಗಿಯಾಯಿತು. ಆದರೆ ದೊಡ್ಡ ಲಾರಿಯೊಂದು ಪಕ್ಕಕ್ಕೆ ಬಂದಾಗಲೆಲ್ಲ ನನ್ನ ಕಾಲು ತಾನಾಗಿ ಕೆಳಗೆ ಒತ್ತುತ್ತಿತ್ತು.

"ಅಜ್ಜೀ" ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. "ನಿಮ್ಮ ಕಡೆ ಬ್ರೇಕ್ ಇಲ್ಲ."

"ನಿನ್ನ ಕಡೆ ಉಂಟು ತಾನೇ?" ಎಂದು ಕೇಳಿದೆ.