ಬಿಸಿ ತಿಳಿದ ಬೆರಳು

ಆಗಸ್ಟ್ ತಿಂಗಳ ದೆಹಲಿಯಲ್ಲಿ ಗಾಳಿಪಟದ ಮಾಂಜಾ ಎಲ್ಲಿ ಅಡ್ಡ ಬರುತ್ತದೋ ಹೇಳಲಾಗದು. ಗಾಜಿನ ಪುಡಿ ಸವರಿದ ಆ ದಾರ ನನ್ನ ಗಂಡನ ಬಲಗೈ ಮಣಿಕಟ್ಟನ್ನು ಕೊಯ್ದದ್ದು ಸರೋಜಿನಿ ನಗರದಲ್ಲಿ, ನಮ್ಮ ಕ್ವಾರ್ಟರ್ಸಿನ ತಿರುವಿನಲ್ಲೇ. ಸ್ಕೂಟರಿನಲ್ಲಿ ಆಫೀಸಿನಿಂದ ಬರುತ್ತಿದ್ದವರು ಕುತ್ತಿಗೆಗೆ ಬಂದದ್ದನ್ನು ಕೈಯಿಂದ ತಡೆದಿದ್ದರು. "ಕುತ್ತಿಗೆ ಉಳೀತಲ್ಲ, ಪುಣ್ಯ" ಎಂದರು ಎಲ್ಲರೂ. ಆ ಮಾತು ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ತುಂಡಾದದ್ದು ಹೆಬ್ಬೆರಳನ್ನು ಉಳಿದ ಬೆರಳುಗಳ ಎದುರಿಗೆ ತರುವ, ಬೆರಳ ತುದಿಯ ಸ್ಪರ್ಶ ತಿಳಿಸುವ ನರ. ಡಾಕ್ಟರು ಅದನ್ನು ಹೊಲಿದು, ಕಾಯಿರಿ ಎಂದರು.

ಕಾಯುವುದೆಂದರೆ ಏನೆಂದು ನನಗೆ ಬೇಕಾದ್ದಕ್ಕಿಂತ ಹೆಚ್ಚು ಗೊತ್ತಿತ್ತು. ಆಗ ನಾನು ಒಂದು ಪ್ರಯೋಗಾಲಯದಲ್ಲಿ ಇಲಿಗಳ ಗಾಯಗೊಂಡ ನರಗಳನ್ನು ಅರೆದು, ಅವುಗಳ ಪ್ರೋಟೀನುಗಳನ್ನು ಜೆಲ್ ಮೇಲೆ ಬೇರ್ಪಡಿಸಿ ನೋಡುತ್ತಿದ್ದೆ. ಒಂದೇ ನರದೊಳಗೂ ಸ್ನಾಯುವನ್ನು ಆಡಿಸುವ ಎಳೆ ಬೇರೆ, ಸ್ಪರ್ಶ ತಿಳಿಸುವ ಎಳೆ ಬೇರೆ. ಗಾಯವಾದಾಗ ಎರಡರಲ್ಲೂ ಪ್ರೋಟೀನುಗಳು ಏರಿಳಿಯುತ್ತವೆ, ಆದರೆ ಒಂದೇ ಬಗೆಯಲ್ಲಲ್ಲ. ತುಂಡಾದಲ್ಲಿಂದ ಮೆಲ್ಲಗೆ ಬೆಳೆಯುವ ಹೊಸ ಎಳೆಯನ್ನು ಕರೆದೊಯ್ಯಬೇಕಾದ ಕೆಲವು ಪ್ರೋಟೀನುಗಳು ಮೊದಲು ಉಕ್ಕಿ, ತಡವಾದರೆ ಸೊರಗುತ್ತವೆ. ಜೆಲ್ ಮೇಲಿನ ದಪ್ಪ ನೀಲಿ ಗೆರೆ ಮಾಸಿಹೋಗುತ್ತದೆ. ಮೊದಲೆಲ್ಲ ಆ ಮಾಸಿದ ಗೆರೆ ಕಂಡರೆ, ನಮ್ಮ ಊಹೆ ಸರಿಯಾಯಿತೆಂದು ಚಹಾ ತರಿಸುತ್ತಿದ್ದೆವು. ಈಗ ಅದು ಕಂಡರೆ ಜೆಲ್ ಮುಚ್ಚಿಟ್ಟು, ಅವರ ನರ ಹೊಲಿದು ಎಷ್ಟು ವಾರವಾಯಿತೆಂದು ಎಣಿಸುತ್ತಿದ್ದೆ.

ನಮ್ಮ ಮನೆಯಲ್ಲಿ ಭಾನುವಾರವೆಂದರೆ ಕೈತುತ್ತು. ನನ್ನ ಗಂಡ ಪಾತ್ರೆಯಲ್ಲಿ ಸಾರನ್ನ ಕಲಸಿ, ತುಪ್ಪ ಹಾಕಿ, ಉಂಡೆ ಮಾಡಿ ನನ್ನ ಮತ್ತು ಮಗಳ ಅಂಗೈಗೆ ಸರದಿಯಂತೆ ಇಡಬೇಕು. ಅನ್ನವೆಂದರೆ ಮುಖ ಸಿಂಡರಿಸುವ ಮಗಳು ಅವತ್ತು ಮಾತ್ರ ಪಾತ್ರೆ ಖಾಲಿ ಮಾಡಿಸುತ್ತಿದ್ದಳು. ಈಗ ಅವರು ಎಡಗೈಯಲ್ಲಿ ಚಮಚ ಹಿಡಿದು ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದರು.

"ಪಪ್ಪಾ, ಕೈತುತ್ತು ಕಬ್ ದೋಗೇ?" ಎಂದು, ಯಾವಾಗ ಕೊಡುತ್ತೀ ಎಂದು, ಮಗಳು ಹಿಂದಿ ಬೆರೆಸಿ ಕೇಳಿದರೆ ಅವರು ನನ್ನ ಮುಖ ನೋಡುತ್ತಿದ್ದರು. ಮನೆಯಲ್ಲಿ ಎಲ್ಲ ತಿಳಿದವಳು ನಾನು ತಾನೇ!

"ತಾಳಿದವನು ಬಾಳಿಯಾನು ಕಣೇ" ಎಂದಳು ಅಮ್ಮ ಫೋನಿನಲ್ಲಿ.

"ನರ ಬಂದು ಮುಟ್ಟೋವರೆಗೆ ಸ್ನಾಯು ತಾಳಲ್ಲಮ್ಮ, ಒಣಗಿಹೋಗುತ್ತೆ!" ಎಂದು ಕಿರುಚಿ ಫೋನ್ ಕುಕ್ಕಿದೆ. ದಿನಾ ಎಣ್ಣೆ ಹಚ್ಚಿ ತಿಕ್ಕುವಾಗ ಅವರ ಹೆಬ್ಬೆರಳ ಬುಡದ ಮಾಂಸ ಇಳಿಯುತ್ತಿದ್ದದ್ದು ನನ್ನ ಕೈಗೆ ಸಿಗುತ್ತಿತ್ತು. ನನಗೆ ಭಯವಾಗುತ್ತಿತ್ತು. ದೇವರನ್ನೂ ಬೈದೆ, ಹರಕೆಯನ್ನೂ ಹೊತ್ತೆ.

ಹೋಳಿ ಕಳೆದ ಮೇಲೆ ಒಂದು ಭಾನುವಾರ ಮಗಳೇ ಪಾತ್ರೆ ಎಳೆದುಕೊಂಡಳು. "ಆಜ್ ಮೈ ದೂಂಗಿ, ಇವತ್ತು ನಾನೇ ಕೊಡೋದು. ಪಪ್ಪಾ, ಕೈ ಕೊಡು." ಅವರು ಎಡಗೈ ಚಾಚಿದರೆ ಅವಳು ಒಪ್ಪಲಿಲ್ಲ. ಕುಕ್ಕರಿನಿಂದ ಆಗಷ್ಟೇ ಇಳಿಸಿದ ಅನ್ನ. ಅವಳು ಚಮಚದಿಂದ ಒತ್ತಿ ಮಾಡಿದ ಒಡ್ಡು ತುತ್ತು ಅವರ ಬಲಗೈಯಲ್ಲಿ ಬಿರಿದು ಬೆರಳುಗಳ ಮೇಲೆ ಹರಡಿತು.

"ಬಿಸಿ!" ಅವರು ಕೂಗಿದರು. "ಏ, ಸುಡ್ತಾ ಇದೆ ಕಣೇ! ಬೆರಳ ತುದೀಗೆ ಗೊತ್ತಾಗ್ತಿದೆ!"

ಮಗಳು ಕುಣಿದಳು. ಅವರ ಕಣ್ಣಲ್ಲಿ ನೀರು. ನಾನೂ ಅತ್ತೆ, ಅದನ್ನು ಅವರಿಬ್ಬರೂ ಸಂತೋಷವೆಂದುಕೊಂಡರು. ಗಾಯದಿಂದ ಹೆಬ್ಬೆರಳ ಸ್ನಾಯು ಹತ್ತಿರ, ಬೆರಳ ತುದಿ ದೂರ. ಹೊಸ ಎಳೆಗಳು ತುದಿ ಮುಟ್ಟುವಷ್ಟು ಕಾಲ ಕಳೆದಿತ್ತು. ಹತ್ತಿರದ ಹೆಬ್ಬೆರಳಿಗೆ ಜೀವ ಬರುವುದಿದ್ದರೆ ಅದು ಯಾವಾಗಲೋ ಬಂದಿರಬೇಕಿತ್ತು.

ತುತ್ತನ್ನು ಒಟ್ಟುಮಾಡಲು ಅವರು ನೋಡಿದರು. ಹೆಬ್ಬೆರಳು ಉಳಿದ ಬೆರಳುಗಳ ಎದುರಿಗೆ ಬರಲಿಲ್ಲ. ಕೊನೆಗೆ ತೀರ್ಥ ಕುಡಿಯುವಂತೆ ಅಂಗೈಯನ್ನೇ ಬಾಯಿಗೆ ತಂದು ತಿಂದರು.

"ಇನ್ನು ಹೆಬ್ಬೆರಳೂ ಬರುತ್ತೆ ಅಲ್ವಾ?" ಎಂದು, ಬಾಯಲ್ಲಿ ಅನ್ನವಿರುವಾಗಲೇ ನನ್ನನ್ನು ಕೇಳಿದರು.

ನಾನು ಮಗಳ ಕಡೆ ತಿರುಗಿ, ನನಗೂ ಒಂದು ಕೊಡೇ ಎಂದು ಕೈ ಚಾಚಿದೆ.