ವೆಂಡೆಲನ ಹಳೇ ಜಗಳ

ಮಿಲ್ವಾಕಿಯ ವೆಂಡೆಲ್ ಝಿಲ್ಕೆಗೆ ಬೇಸ್‌ಬಾಲ್ ನೋಡುವಾಗ ಕುರ್ಚಿಯೇ ಆಗಿಬರುವುದಿಲ್ಲ. ತಂಡ ಸೋಲುತ್ತಿದ್ದರೆ ಶತಪಥ ಹಾಕುತ್ತಾನೆ. ಗೆಲ್ಲುತ್ತಿದ್ದರೆ, ಎಲ್ಲಿ ಸೋತೀತೋ ಎಂದು ಇನ್ನೂ ಜೋರಾಗಿ ಹಾಕುತ್ತಾನೆ. ಈ ಚಡಪಡಿಕೆಗೆಲ್ಲ ಅವನ ಪ್ರಕಾರ ಕಾರಣ ಒಬ್ಬರೇ: ಹಿಂದೆ ತಂಡದ ಜನರಲ್ ಮ್ಯಾನೇಜರ್ ಆಗಿದ್ದಾಗ, ಊರಿಗೇ ಮುದ್ದಿನವನಾಗಿದ್ದ, ಎಡಗೈಯಲ್ಲಿ ಚೆಂಡೆಸೆಯುವ ಪಿಚರನನ್ನು ಶಿಕಾಗೋ ತಂಡಕ್ಕೆ ಬಿಟ್ಟುಕೊಟ್ಟ ರಸ್ ಹಾಲ್ವರ್ಸನ್. ಕ್ಷೌರದಂಗಡಿಯಲ್ಲಿ ಸಿಗಲಿ, ಮೊಳೆ ಕೊಳ್ಳುವಲ್ಲಿ ಸಿಗಲಿ, ವೆಂಡೆಲನದು ಒಂದೇ ರಾಗ: "ಆ ಹುಡುಗನ್ನ ಯಾಕ್ ಕೊಟ್ರಿ ಸಾರ್?" "ಭುಜ ಹೋಗಿದೆ ಅಂದ್ರಪ್ಪ ಡಾಕ್ಟ್ರು." "ಹೋದ ಭುಜದಲ್ಲೇ ಹತ್ತು ವರ್ಷ ನಮ್ಮನ್ನ ಬಡಿದ್ನಲ್ಲ ಸಾರ್." ಹಾಲ್ವರ್ಸನ್ ತಲೆ ಕೆರೆದುಕೊಳ್ಳುತ್ತಾರೆ, ವೆಂಡೆಲ್ ಅರ್ಧ ಕ್ಷೌರದಲ್ಲೇ ಎದ್ದು ಓಡಾಡುತ್ತಾನೆ. ಮೊನ್ನೆ ಶುಕ್ರವಾರ, ಊರೆಲ್ಲ ಕರಿದ ಮೀನಿಗೆ ಸಾಲು ನಿಲ್ಲುವ ಹೋಟೆಲಿನಲ್ಲಿ, ಮೇಜಿಗಾಗಿ ಹೆಸರು ಬರೆದುಕೊಳ್ಳುತ್ತಿದ್ದ ಹೊಸ ಹುಡುಗಿಗೆ ಹಾಲ್ವರ್ಸನ್ ತಮ್ಮ ಹೆಸರು ಹೇಳಿದರು. "ಯಾವತ್ತೂ ಕೇಳಿಲ್ವಲ್ಲ ಈ ಹೆಸರು," ಎಂದಳು ಅವಳು. ಅವರ ಮುಖ ಸಣ್ಣದಾಯಿತು. ಹಿಂದೆ ಕಾಲು ಕುಣಿಸುತ್ತ ನಿಂತಿದ್ದ ವೆಂಡೆಲ್ ಸಾಲು ಸೀಳಿಕೊಂಡು ಮುಂದೆ ಬಂದ. "ಇವರು ಗೊತ್ತಿಲ್ವೇನಮ್ಮ ನಿಂಗೆ? ನಮ್ಮ ತಂಡನ ಹಾಳು ಮಾಡಿದೋರು ಇವರೇ. ಕಿಟಕಿ ಪಕ್ಕದ ಮೇಜು ಕೊಡು."